ಕೆಲಸ ಬಿಡುವುದೂ ಒಂದು ಕೆಲಸ

ಕೆಲಸ ಹುಡುಕುವುದು ಹೇಗೆಂದು ತಿಳಿಸಿಕೊಡುವವರಿಗೆ ನಮ್ಮಲ್ಲಿ ಬರಗಾಲವಿಲ್ಲ. ಬಂಧುಗಳ ಮನೆಯ ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲೇ ನಾಲ್ಕು ಮಂದಿ ಸಲಹೆಗಾರರು ಸಿಗುತ್ತಾರೆ. ಅರ್ಜಿ ಬರೆಯುವ ಕ್ರಮವನ್ನು ಶಾಲೆಯಲ್ಲಿಯೇ ಕಲಿಸಿರುತ್ತಾರೆ. ಸಂದರ್ಶನದಲ್ಲಿ ಹೇಗೆ ಕುಳಿತುಕೊಳ್ಳಬೇಕು, ಹೇಗೆ ಉತ್ತರ ಕೊಡಬೇಕು ಎಂಬುದಕ್ಕೆ ಪುಸ್ತಕಗಳೇ ಇವೆ. ಆದರೆ ಹಿಡಿದ ಕೆಲಸವನ್ನು ಯಾವಾಗ ಬಿಡಬೇಕು, ಹೇಗೆ ಬಿಡಬೇಕು, ಬಿಡುವಾಗ ಏನೇನನ್ನು ಕೇಳಿ ಪಡೆಯಬೇಕು ಎಂಬುದನ್ನು ಹೇಳಿಕೊಡುವವರು ಮಾತ್ರ ವಿರಳ. ಇದರ ಫಲವಾಗಿ ನಮ್ಮಲ್ಲಿ ಎರಡು ಬಗೆಯ ಜನ ಕಾಣುತ್ತಾರೆ. ಒಬ್ಬರು ಯಜಮಾನರ ಮೇಲಿನ ಸಿಟ್ಟಿನಲ್ಲಿ ಒಂದು ದಿನ ಎದ್ದು ಬಂದು, ಅರ್ಧ ತಿಂಗಳ ಸಂಬಳವನ್ನು ಅಲ್ಲಿಯೇ ಕಳೆದುಕೊಳ್ಳುವವರು. ಇನ್ನೊಬ್ಬರು ಎಷ್ಟೇ ಕಷ್ಟವಾದರೂ ಬಿಡಲು ಅಂಜಿ, ವರ್ಷಗಟ್ಟಲೆ ಗೊಣಗುತ್ತ ಅಲ್ಲಿಯೇ ಇರುವವರು. ಇಬ್ಬರಿಗೂ ಲಾಭವಿಲ್ಲ.

ಈ ವಿಷಯವನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಏಕೆ ಬರೆಯಬೇಕು ಎಂದು ಯಾರಾದರೂ ಕೇಳಬಹುದು. ನಮ್ಮ ಸಹಪಾಠಿಗಳಲ್ಲಿ ಅನೇಕರು ಓದಿನ ಜೊತೆಗೆ ದುಡಿಯುವವರೂ ಹೌದು. ಬೆಳಗಿನ ಜಾವ ಪತ್ರಿಕೆ ಹಾಕಿ ಬರುವವರಿದ್ದಾರೆ. ಸಂಜೆ ದೇವರಾಜ ಅರಸು ರಸ್ತೆಯ ಬಟ್ಟೆ ಅಂಗಡಿಗಳಲ್ಲಿ ನಿಲ್ಲುವವರಿದ್ದಾರೆ. ಹೋಟೆಲಿನ ಗಲ್ಲಾದಲ್ಲಿ ಕೂರುವವರಿದ್ದಾರೆ. ನಾನೂ ಪಿಯುಸಿ ಮುಗಿಸಿದ ಮೇಲೆ ಎರಡು ವರ್ಷ ಸಂತೇಪೇಟೆಯ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆದವನು. ಆ ಕೆಲಸವನ್ನು ಬಿಟ್ಟು ಇನ್ನೊಂದಕ್ಕೆ ಸೇರಿದುದರಿಂದಲೇ ಈ ಕಾಲೇಜಿನ ಬೆಂಚಿನ ಮೇಲೆ ಕುಳಿತುಕೊಳ್ಳುವುದು ನನಗೆ ಸಾಧ್ಯವಾಯಿತು. ಆದುದರಿಂದ ಈ ವಿಚಾರ ನನಗೆ ಬರಿಯ ಪುಸ್ತಕದ ವಿಚಾರವಲ್ಲ.

ಕೆಲಸ ಬಿಡುತ್ತೇನೆಂದು ಬಾಯಿ ತೆರೆದೊಡನೆ ಮೊದಲು ಅಡ್ಡ ಬರುವುದು ಕಾನೂನಲ್ಲ, ಗಾದೆ. ಉಂಡ ಮನೆಗೆ ಎರಡು ಬಗೆಯಬಾರದು, ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆಯಬೇಕು ಎಂಬ ಮಾತುಗಳನ್ನು ಕೇಳದ ಮನೆ ನಮ್ಮಲ್ಲಿ ಇರಲಾರದು. ನಮ್ಮ ಅಜ್ಜಿಯೂ ಹೇಳಿದರು: "ಎರಡು ವರ್ಷ ಅವರ ಉಪ್ಪು ತಿಂದಿದ್ದೀಯ ಕಣಪ್ಪಾ, ಹೇಳದೆ ಕೇಳದೆ ಎದ್ದು ಬರಬೇಡ." ಈ ಭಾವನೆ ನಮ್ಮ ನಾಡಿನಲ್ಲಿ ಬಹಳ ಹಳೆಯದು. ಒಡೆಯನ ಅನ್ನ ಉಂಡವನು ಪ್ರಾಣ ಕೊಟ್ಟಾದರೂ ಅದನ್ನು ತೀರಿಸಬೇಕೆಂಬುದಕ್ಕೆ ಹಳಗನ್ನಡದಲ್ಲಿ ಜೋಳದ ಪಾಳಿ ಎಂಬ ಹೆಸರೇ ಇದೆ. ಹತ್ತನೆಯ ಶತಮಾನದ ಪಂಪನ ಕಾವ್ಯದಲ್ಲಿ ಕರ್ಣನಿಗೆ ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿ ರಾಜ್ಯವನ್ನೇ ಮುಂದಿಟ್ಟರೂ ಆತ ದುರ್ಯೋಧನನನ್ನು ಬಿಡಲಿಲ್ಲ. ಈ ಪ್ರಸಂಗವನ್ನು ತರಗತಿಯಲ್ಲಿ ಓದುವಾಗ ಕಣ್ಣು ತೇವವಾಗದವರು ಕಡಮೆ.

ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ತುಂಬಿದ ಸಭೆಯಲ್ಲಿ ಕುಲವನ್ನೆತ್ತಿ ಹಳಿದಾಗ ಕರ್ಣನಿಗೆ ಅಂಗರಾಜ್ಯವನ್ನು ಕೊಟ್ಟು ಮಾನ ಕಾಯ್ದವನು ದುರ್ಯೋಧನ. ಅದು ಕೂಲಿಯಲ್ಲ, ಸ್ನೇಹ. ಸ್ನೇಹಕ್ಕೆ ತಿಂಗಳ ಕೊನೆಯಿಲ್ಲ. ನಮ್ಮ ನಿಮ್ಮ ಕೆಲಸ ಹಾಗಲ್ಲ. ಇಷ್ಟು ದುಡಿಮೆಗೆ ಇಷ್ಟು ಹಣ ಎಂಬ ಕರಾರು. ತಿಂಗಳು ಪೂರ್ತಿ ದುಡಿದವನು ಆ ತಿಂಗಳ ಉಪ್ಪಿನ ಋಣವನ್ನು ತೀರಿಸಿಯೇ ಸಂಬಳಕ್ಕೆ ಕೈ ಒಡ್ಡುತ್ತಾನೆ. ಲೆಕ್ಕ ನೋಡಿದರೆ, ತಿಂಗಳ ಕೊನೆಯ ದಿನ ಸಾಲಗಾರನಾಗಿರುವವನು ಯಜಮಾನನೇ ಹೊರತು ನೌಕರನಲ್ಲ. ಕೃತಜ್ಞತೆ ಬೇಡವೆಂದು ನಾನು ಹೇಳುತ್ತಿಲ್ಲ. ಕೆಲಸ ಕಲಿಸಿದವರನ್ನು, ಕಷ್ಟಕ್ಕೆ ಆದವರನ್ನು ನೆನೆಯಲೇಬೇಕು. ಆದರೆ ಕೃತಜ್ಞತೆ ಬೇರೆ, ಜೀತ ಬೇರೆ. ಜೀತ ಎಂಬ ಪದವೇ ಇದಕ್ಕೆ ಸಾಕ್ಷಿ. ಹಳೆಯ ಕನ್ನಡದಲ್ಲಿ ಅದಕ್ಕೆ ಸಂಬಳ, ಜೀವನಕ್ಕೆಂದು ಕೊಟ್ಟದ್ದು ಎಂಬ ಗೌರವದ ಅರ್ಥವಿತ್ತು. ಬಿಟ್ಟು ಹೋಗುವ ಸ್ವಾತಂತ್ರ್ಯ ಇಲ್ಲದ ದುಡಿಮೆಗೆ ಆ ಹೆಸರು ಅಂಟಿಕೊಂಡ ಮೇಲೆ ಸಂಬಳದ ಪದ ದಾಸ್ಯದ ಪದವಾಯಿತು.

ಈ ವಿವೇಚನೆ ಹೊಸ ಕಾಲದ ಹುಡುಗರ ಉದ್ಧಟತನವೆಂದು ಭಾವಿಸುವವರು ನಮ್ಮ ಊರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯವನ್ನು ನೆನೆಯಬೇಕು. 1891ರಲ್ಲಿ ಓರಿಯಂಟಲ್ ಲೈಬ್ರರಿ ಎಂಬ ಹೆಸರಿನಲ್ಲಿ ಆರಂಭವಾದ ಈ ಸಂಸ್ಥೆಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಯೋಲೆಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿತ್ತು. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಲೋಕದ ಗಮನಕ್ಕೆ ತಂದು, 1909ರಲ್ಲಿ ಅಚ್ಚು ಹಾಕಿಸಿದರು. 1915ರಲ್ಲಿ ಅವರ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ಆ ಗ್ರಂಥದ ಮೂರನೆಯ ಅಧಿಕರಣದಲ್ಲಿ ಕೂಲಿಯ ವಿಚಾರವಿದೆ. ಒಪ್ಪಿದ ವೇತನವನ್ನು ಕೊಡದ ಒಡೆಯನಿಗೆ ದಂಡ. ವೇತನ ಪಡೆದು ಕೆಲಸ ಮಾಡದ ಆಳಿಗೂ ಹನ್ನೆರಡು ಪಣ ದಂಡ. ವೇತನವನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಬೇಸಾಯದ ಆಳಿಗೆ ಬೆಳೆಯಲ್ಲಿ, ದನ ಕಾಯುವವನಿಗೆ ತುಪ್ಪದಲ್ಲಿ ಹತ್ತರಲ್ಲಿ ಒಂದು ಪಾಲು. ಇನ್ನೂ ಸ್ವಾರಸ್ಯವಾದುದೆಂದರೆ, ಕೆಲಸ ಕೀಳಾದುದಾಗಿದ್ದರೆ, ಅಥವಾ ಆಳಿಗೆ ರೋಗವೋ ವಿಪತ್ತೋ ಬಂದರೆ, ಒಪ್ಪಂದದಿಂದ ಹಿಂದೆ ಸರಿಯಲು, ಇಲ್ಲವೆ ಬೇರೊಬ್ಬನಿಂದ ಆ ಕೆಲಸವನ್ನು ಮಾಡಿಸಲು ಅವನಿಗೆ ಅವಕಾಶವಿದೆ. ಎಂದರೆ, ಕೆಲಸ ಹಿಡಿಯುವುದಕ್ಕೆ ನಿಯಮವಿರುವಂತೆ ಬಿಡುವುದಕ್ಕೂ ನಿಯಮವಿರಬೇಕೆಂದು ಆ ಕಾಲದವರೂ ಎಣಿಸಿದ್ದರು.

ನಡುವೆ ಬಂದ ಬ್ರಿಟಿಷರ ಕಾನೂನು ಇಷ್ಟು ಉದಾರವಾಗಿರಲಿಲ್ಲ. 1859ರಲ್ಲಿ ಅವರು ಮಾಡಿದ ಒಂದು ಕಾಯಿದೆಯ ಪ್ರಕಾರ ಮುಂಗಡ ಪಡೆದ ಕೆಲಸಗಾರನು ಕೆಲಸ ಬಿಟ್ಟು ಹೋದರೆ ಮ್ಯಾಜಿಸ್ಟ್ರೇಟರು ಅವನನ್ನು ಮತ್ತೆ ಕೆಲಸಕ್ಕೆ ಹಚ್ಚಬಹುದಾಗಿತ್ತು. ಒಪ್ಪದಿದ್ದರೆ ಮೂರು ತಿಂಗಳವರೆಗೆ ಸೆರೆಮನೆಗೆ ಕಳುಹಿಸಬಹುದಾಗಿತ್ತು. ಇದನ್ನು ತೆಗೆದುಹಾಕುವ ಕಾಯಿದೆ ಬರಲು 1925ರವರೆಗೆ ಕಾಯಬೇಕಾಯಿತು. ಸಾಲಕ್ಕಾಗಿ ಮನುಷ್ಯನನ್ನೇ ಇಟ್ಟುಕೊಳ್ಳುವ ಜೀತ ಪದ್ಧತಿಯನ್ನು ದೇಶದಲ್ಲೆಲ್ಲ ನಿಷೇಧಿಸಿದ ಕಾಯಿದೆ ಬಂದದ್ದು 1976ರಲ್ಲಿ. ಆದುದರಿಂದ, "ನಾಳೆಯಿಂದ ನಾನು ಬರುವುದಿಲ್ಲ" ಎಂದು ಹೇಳಬಲ್ಲ ಸ್ವಾತಂತ್ರ್ಯ ಸುಲಭವಾಗಿ ಬಂದದ್ದಲ್ಲ. ಅದನ್ನು ಸಿಟ್ಟಿನ ಭರದಲ್ಲಿ ಖರ್ಚು ಮಾಡಬಾರದು. ಲೆಕ್ಕ ಹಾಕಿ ಬಳಸಬೇಕು.

ಮೊದಲನೆಯ ಲೆಕ್ಕ ಸಂಬಳದ್ದು. ಸಂಬಳವನ್ನು ತಿಂಗಳಿಗೆ ಇಷ್ಟು ಎಂದು ನೋಡುವುದು ನಮ್ಮ ರೂಢಿ. ಗಂಟೆಗೆ ಎಷ್ಟು ಎಂದು ನೋಡಿದರೆ ಮಾತ್ರ ನಿಜ ತಿಳಿಯುತ್ತದೆ. ಅಂಗಡಿಯಲ್ಲಿ ನನಗೆ ತಿಂಗಳಿಗೆ 8,000 ರೂಪಾಯಿ. ದಿನಕ್ಕೆ 11 ಗಂಟೆಯ ಕೆಲಸ, ತಿಂಗಳಿಗೆ 28 ದಿನ. ಒಟ್ಟು 308 ಗಂಟೆ. ಗಂಟೆಗೆ 26 ರೂಪಾಯಿಯಾಯಿತು. ನಂತರ ಸೇರಿದ ಔಷಧಿ ಸರಬರಾಜಿನ ಕಚೇರಿಯಲ್ಲಿ 9,000 ರೂಪಾಯಿ ಎಂದಾಗ, "ಒಂದು ಸಾವಿರಕ್ಕೆ ಇಷ್ಟೆಲ್ಲ ರಾದ್ಧಾಂತವೇ?" ಎಂದು ಮನೆಯಲ್ಲಿ ಕೇಳಿದರು. ಆದರೆ ಅಲ್ಲಿ ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಮಾತ್ರ ಕೆಲಸ, ತಿಂಗಳಿಗೆ 26 ದಿನ. ಒಟ್ಟು 130 ಗಂಟೆ. ಗಂಟೆಗೆ 69 ರೂಪಾಯಿ. ಹೆಚ್ಚಿದ್ದು ಒಂದು ಸಾವಿರ ರೂಪಾಯಿಯಲ್ಲ. ಗಂಟೆಯ ಬೆಲೆ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿ, ಅದರ ಮೇಲೆ ತಿಂಗಳಿಗೆ 178 ಗಂಟೆ ನನ್ನ ಕೈಗೆ ಬಂತು. ಆ ಗಂಟೆಗಳಲ್ಲಿಯೇ ನಾನು ಈಗ ಓದುತ್ತಿರುವುದು.

ಎರಡನೆಯ ಲೆಕ್ಕ ಆಡಳಿತದ್ದು. ಸಂಬಳ ಕಡಮೆಯಿದ್ದರೂ ವ್ಯವಸ್ಥೆ ಚೆನ್ನಾಗಿದ್ದರೆ ಮನುಷ್ಯ ತಾಳಿಕೊಳ್ಳಬಲ್ಲ. ವ್ಯವಸ್ಥೆ ಕೆಟ್ಟರೆ ಸಂಬಳ ಹೆಚ್ಚಿದ್ದರೂ ತಾಳುವುದು ಕಷ್ಟ. ಕೆಟ್ಟ ಆಡಳಿತವನ್ನು ಗುರುತಿಸುವುದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಸಂಬಳಕ್ಕೆ ಗೊತ್ತಾದ ದಿನವಿಲ್ಲದೆ, ಐನೂರು ಸಾವಿರದಂತೆ ಕಂತು ಕಂತಾಗಿ ಕೈಗೆ ಬರುತ್ತಿದ್ದರೆ ಅದು ಮೊದಲನೆಯ ಲಕ್ಷಣ. ಒಬ್ಬ ನೌಕರನಿಗೆ ಮೂವರು ಯಜಮಾನರಿದ್ದು, ಒಬ್ಬರು ಇಳಿಸೆಂದ ಮೂಟೆಯನ್ನು ಇನ್ನೊಬ್ಬರು ಏರಿಸೆಂದರೆ ಅದು ಎರಡನೆಯದು. ದಾಸ್ತಾನು ಕಡಮೆ ಬಿದ್ದಾಗ, ಏಕೆ ಕಡಮೆಯಾಯಿತೆಂದು ಹುಡುಕುವ ಬದಲು ಹತ್ತಿರ ನಿಂತವನ ಸಂಬಳದಲ್ಲಿ ಹಿಡಿದುಕೊಂಡರೆ ಅದು ಮೂರನೆಯದು. ನಾನಿದ್ದ ಅಂಗಡಿಯಲ್ಲಿ ಈ ಮೂರೂ ಇದ್ದುವು. ಮಾಲೀಕರು ಕೆಟ್ಟವರೆಂದು ನಾನು ಹೇಳಲಾರೆ. ಹಬ್ಬಕ್ಕೆ ಬಟ್ಟೆ ಕೊಡಿಸುತ್ತಿದ್ದರು. ಆದರೆ ಒಳ್ಳೆಯತನ ಬೇರೆ, ಆಡಳಿತ ಬೇರೆ. ಹಬ್ಬದ ಬಟ್ಟೆ ಯಜಮಾನರ ಇಷ್ಟ. ತಿಂಗಳ ಸಂಬಳ ನೌಕರನ ಹಕ್ಕು. ಇಷ್ಟವನ್ನು ಕೊಟ್ಟು ಹಕ್ಕನ್ನು ತಡೆಯುವ ಕಡೆ ನೌಕರನಿಗೆ ದೂರಲೂ ಬಾಯಿಲ್ಲ, ಇರಲೂ ಮನಸ್ಸಿಲ್ಲ.

ಇಂತಹ ಆಡಳಿತದಿಂದ ನಷ್ಟ ನೌಕರನಿಗೆ ಮಾತ್ರವೆಂದು ತಿಳಿಯಬಾರದು. ಅಮೆರಿಕದ ಮೋಟಾರು ತಯಾರಕ ಹೆನ್ರಿ ಫೋರ್ಡ್ ಅವರ ಕಾರ್ಖಾನೆಯಲ್ಲಿ 1913ರಲ್ಲಿ ಸುಮಾರು 14 ಸಾವಿರ ಆಳುಗಳನ್ನು ಉಳಿಸಿಕೊಳ್ಳುವುದಕ್ಕಾಗಿ 50 ಸಾವಿರಕ್ಕೂ ಹೆಚ್ಚು ಮಂದಿಯನ್ನು ನೇಮಿಸಿಕೊಳ್ಳಬೇಕಾಯಿತು. ಬಂದವರು ಕೆಲಸದ ಬೇಸರಕ್ಕೆ ಕೆಲವೇ ದಿನಗಳಲ್ಲಿ ಬಿಟ್ಟು ಹೋಗುತ್ತಿದ್ದರು. ಹೊಸಬರಿಗೆ ಕಲಿಸುವ ಖರ್ಚು ಏರುತ್ತಲೇ ಇತ್ತು. 1914ರ ಜನವರಿಯಲ್ಲಿ ಅವರು ಒಂಬತ್ತು ಗಂಟೆಯ ದುಡಿಮೆಯನ್ನು ಎಂಟಕ್ಕೆ ಇಳಿಸಿ, ದಿನದ ಗಳಿಕೆಯನ್ನು ಎರಡು ಡಾಲರ್ ಚಿಲ್ಲರೆಯಿಂದ ಐದು ಡಾಲರಿಗೆ ಏರಿಸಿದರು. ಬಿಟ್ಟು ಹೋಗುವವರ ಸಂಖ್ಯೆ ತಟ್ಟನೆ ಇಳಿಯಿತು. ಇದು ದಾನವಲ್ಲ, ವ್ಯಾಪಾರದ ಲೆಕ್ಕ. ಬಿಟ್ಟು ಹೋದವರೇ ಆ ಯಜಮಾನನಿಗೆ ಈ ಪಾಠವನ್ನು ಕಲಿಸಿದವರು. ಒಳ್ಳೆಯ ನೌಕರ ಹೊರಟು ಹೋದಾಗ ಅಂಗಡಿಗೆ ತಿಳಿಯುವಷ್ಟು ಸತ್ಯ ಅವನು ಇದ್ದು ಗೊಣಗಿದಾಗ ತಿಳಿಯುವುದಿಲ್ಲ.

ಹೊರಡುವುದೆಂದು ನಿಶ್ಚಯಿಸಿದ ಮೇಲೆ ಮುಂದಿನ ಜಾಗವನ್ನು ಪರೀಕ್ಷಿಸಬೇಕು. ಈ ವಿಷಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ನಡತೆ ನಮಗೆ ಪಾಠವಾಗಬಲ್ಲದು. ಅವರದು ಬಡ ಸಂಬಳದ ಕೆಲಸವಾಗಿರಲಿಲ್ಲ, ನಿಜ. 1884ರಿಂದ ಮುಂಬಯಿ ಸರ್ಕಾರದ ಇಂಜಿನಿಯರಾಗಿದ್ದು 1908ರಲ್ಲಿ ಅದನ್ನು ತಾವಾಗಿಯೇ ಬಿಟ್ಟರು. ಮುಂದೆ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಹುದ್ದೆಗೆ ಕರೆ ಬಂದಾಗ ಒಡನೆಯೇ ಒಪ್ಪಿಕೊಳ್ಳದೆ, ಕೈಗಾರಿಕೆ ಮತ್ತು ತಾಂತ್ರಿಕ ಶಿಕ್ಷಣವನ್ನು ಬೆಳೆಸುವ ಉದ್ದೇಶ ಸರ್ಕಾರಕ್ಕೆ ಇದೆಯೇ ಎಂದು ಮೊದಲು ಕೇಳಿ ತಿಳಿದುಕೊಂಡರು. ಸಮಾಧಾನಕರವಾದ ಉತ್ತರ ಬಂದ ಮೇಲೆಯೇ 1909ರಲ್ಲಿ ಇಲ್ಲಿಗೆ ಬಂದದ್ದು. ಕನ್ನಂಬಾಡಿಯ ಕಟ್ಟೆ ಆಮೇಲಿನ ಮಾತು. ಅಷ್ಟು ದೊಡ್ಡವರು ದೊಡ್ಡ ಪ್ರಶ್ನೆ ಕೇಳಿದರು. ನಾವು ನಮ್ಮ ಅಳತೆಗೆ ತಕ್ಕ ಪ್ರಶ್ನೆ ಕೇಳಬಹುದು. ಸಂಬಳ ಯಾವ ತಾರೀಖಿಗೆ? ಕೆಲಸದ ಗಂಟೆ ಎಷ್ಟು? ವಾರದ ರಜೆ ಯಾವ ದಿನ? ನಾನು ಯಾರ ಮಾತಿನಂತೆ ನಡೆಯಬೇಕು? ಪರೀಕ್ಷೆಯ ಕಾಲದಲ್ಲಿ ರಜೆ ಸಿಗುವುದೇ? ಇದನ್ನೆಲ್ಲ ಬರೆದು ಕೊಡುವಿರಾ? ಈ ಕೊನೆಯ ಪ್ರಶ್ನೆ ಅಧಿಕಪ್ರಸಂಗವಲ್ಲ. 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಸೇರಿದ ಮೂವತ್ತು ದಿನಗಳೊಳಗೆ ಲಿಖಿತ ನೇಮಕ ಪತ್ರವನ್ನು ಕೊಡಬೇಕು. ವಾರಕ್ಕೊಂದು ಪೂರ್ಣ ದಿನದ ರಜೆಯೂ ಆ ಕಾಯಿದೆಯಲ್ಲಿಯೇ ಇದೆ.

ಇನ್ನು ಬಿಡುವ ಕ್ರಮ. ಬಾಯಿಮಾತು ಸಾಲದು, ಪತ್ರ ಬರೆಯಬೇಕು. ಅದರಲ್ಲಿ ದೂರುಗಳ ಪಟ್ಟಿ ಬೇಡ. ಇಂತಹ ತಾರೀಖಿನಿಂದ ಕೆಲಸ ಬಿಡುತ್ತಿದ್ದೇನೆ, ಅಲ್ಲಿಯವರೆಗಿನ ಸಂಬಳವನ್ನು ಲೆಕ್ಕ ಮಾಡಿ ಕೊಡಿ ಎಂಬ ನಾಲ್ಕು ಸಾಲು ಸಾಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ತಲುಪಿದುದಕ್ಕೆ ಸಹಿ ಮತ್ತು ತಾರೀಖು ಹಾಕಿಸಿ ಇಟ್ಟುಕೊಳ್ಳಬೇಕು. ನೇಮಕ ಪತ್ರದಲ್ಲಿ ಎಷ್ಟು ದಿನದ ಮುನ್ಸೂಚನೆ ಎಂದು ಇದೆಯೋ ಅಷ್ಟು ದಿನ ಕೆಲಸ ಮಾಡಬೇಕು; ಏನೂ ಇಲ್ಲದಿದ್ದರೆ ಒಂದು ತಿಂಗಳು ಮೊದಲೇ ತಿಳಿಸುವುದು ಮರ್ಯಾದೆ. ಆ ದಿನಗಳಲ್ಲಿ ಪುಸ್ತಕ, ಬೀಗದ ಕೈ, ಬಾಕಿಯ ವಿವರ ಎಲ್ಲವನ್ನೂ ಒಪ್ಪಿಸಿ, ಒಪ್ಪಿಸಿದುದನ್ನೂ ಬರೆದಿಡಬೇಕು. ಹೇಳದೆ ಕೇಳದೆ ಎದ್ದು ಬರಬೇಡ ಎಂದು ಅಜ್ಜಿ ಹೇಳಿದ ಮಾತಿನ ಸಾರ ಇದೇ ಎಂದು ನಾನು ತಿಳಿದಿದ್ದೇನೆ. ಇನ್ನೊಂದು ಎಚ್ಚರಿಕೆ: ಸೇರುವಾಗ ಅಂಕಪಟ್ಟಿಯ ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬಾರದು, ತೋರಿಸಿ, ನಕಲನ್ನು ಕೊಡಬೇಕು. ಬಿಡುವಾಗ ಅದೇ ಕೊರಳಿನ ಹಗ್ಗವಾಗುತ್ತದೆ.

ಬರಬೇಕಾದ ಹಣದ ವಿಷಯ ಎಲ್ಲರೂ ತಿಳಿದಿರಬೇಕಾದುದು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ, ನೌಕರನು ತಾನಾಗಿ ಬಿಟ್ಟರೂ ಅವನ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಸಾಮಾನ್ಯವಾಗಿ ಇಪ್ಪತ್ತು ಮತ್ತು ಅದಕ್ಕಿಂತ ಹೆಚ್ಚು ಮಂದಿ ಇರುವ ಸಂಸ್ಥೆಗಳಲ್ಲಿ ಭವಿಷ್ಯ ನಿಧಿ ಇರುತ್ತದೆ. ಅದನ್ನು ಪ್ರತಿ ಸಲ ಬಿಡಿಸಿಕೊಂಡು ಖರ್ಚು ಮಾಡುವುದಕ್ಕಿಂತ ಅದೇ ಖಾತೆ ಸಂಖ್ಯೆಯಲ್ಲಿ ಹೊಸ ಕೆಲಸಕ್ಕೆ ವರ್ಗಾಯಿಸಿಕೊಳ್ಳುವುದು ಲೇಸು. ಏಕೆಂದರೆ ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆ ಬೇರೆ ಬೇರೆ ಕಡೆಯದಾದರೂ ಒಟ್ಟುಗೂಡುತ್ತದೆ. ಇ.ಎಸ್.ಐ. ವಿಮೆಯ ಸಂಖ್ಯೆಯೂ ಹಾಗೆಯೇ. ಹಳೆಯದನ್ನೇ ಹೊಸ ಕಡೆ ಕೊಡಬೇಕು. ಹತ್ತು ಮಂದಿಗೆ ಕಡಮೆಯಿಲ್ಲದ ಸಂಸ್ಥೆಯಲ್ಲಿ ಐದು ವರ್ಷ ದುಡಿದವರಿಗೆ ಉಪದಾನ ಸಲ್ಲುತ್ತದೆ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಿದರೆ ಆ ಮೊತ್ತ ಬರುತ್ತದೆ. 15,000 ರೂಪಾಯಿ ವೇತನದವನು ಆರು ವರ್ಷ ದುಡಿದಿದ್ದರೆ ಸುಮಾರು 51,900 ರೂಪಾಯಿ. ನಾಲ್ಕು ವರ್ಷ ಕಳೆದ ಮೇಲೆ ಸಿಟ್ಟಿನಲ್ಲಿ ಬಿಡುವವನು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ನ್ಯಾಯವಾಗಿ ಬರಬೇಕಾದುದು ಬಾರದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ದೂರು ಕೊಡಬಹುದು. ಅಲ್ಲಿ ಕಣ್ಣೀರಿಗಿಂತ ಕಾಗದಕ್ಕೆ ಬೆಲೆ. ಆದುದರಿಂದಲೇ ಹಾಜರಿಯನ್ನೂ ಪಡೆದ ಹಣವನ್ನೂ ದಿನದಿನವೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಬಿಡುವುದು ಎಲ್ಲರಿಗೂ ಒಂದೇ ಸಮನಾಗಿ ಸುಲಭವಲ್ಲ. ನನಗೆ ವಯಸ್ಸಿತ್ತು, ಲೆಕ್ಕ ಬರುತ್ತಿತ್ತು, ಮನೆಯಲ್ಲಿ ಒಂದು ತಿಂಗಳು ಊಟ ಹಾಕುವವರಿದ್ದರು. ಅದೇ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದ ಹಿರಿಯರೊಬ್ಬರಿಗೆ ಇವೊಂದೂ ಇರಲಿಲ್ಲ. ಮಗಳ ಮದುವೆಗೆ ಯಜಮಾನರಿಂದ ಮುಂಗಡ ಪಡೆದಿದ್ದರು. ಅದು ವರ್ಷಗಳಾದರೂ ತೀರಿರಲಿಲ್ಲ. ಎಷ್ಟು ತೀರಿತು, ಎಷ್ಟು ಉಳಿಯಿತು ಎಂಬುದು ಯಜಮಾನರ ಬಾಯಲ್ಲಿತ್ತೇ ಹೊರತು ಪುಸ್ತಕದಲ್ಲಿರಲಿಲ್ಲ. "ನಿನಗೇನಪ್ಪ, ರೆಕ್ಕೆ ಇದೆ, ಹಾರು" ಎಂದರು ಒಮ್ಮೆ. ನಾನು ಹೊರಡುವ ಮುಂಚಿನ ತಿಂಗಳಿನಲ್ಲಿ ಅವರನ್ನು ಕೂರಿಸಿಕೊಂಡು, ಅವರಿಗೆ ನೆನಪಿದ್ದಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದು, ಯಜಮಾನರಲ್ಲಿ ಹಿರಿಯರ ಮುಂದೆ ಓದಿದೆ. ಒಂದಿಷ್ಟು ಚರ್ಚೆಯಾಗಿ, ಕೊನೆಗೆ ಅವರೂ ಒಪ್ಪಿ ಸಹಿ ಹಾಕಿದರು. ಉಳಿದಿದ್ದ ಬಾಕಿ ಆ ಹಿರಿಯರು ಅಂಜಿದ್ದಕ್ಕಿಂತ ಬಹಳ ಕಡಮೆ. ಅವರು ಕೆಲಸ ಬಿಡಲಿಲ್ಲ. ಈಗಲೂ ಅಲ್ಲಿಯೇ ಇದ್ದಾರೆ. ಆದರೆ ತಿಂಗಳಿಗೆ ಎಷ್ಟು ಕಡಿತವಾಗುತ್ತದೆ, ಯಾವ ತಿಂಗಳಿಗೆ ಮುಗಿಯುತ್ತದೆ ಎಂಬುದು ಅವರಿಗೆ ಗೊತ್ತು. ಬಿಡಬಲ್ಲೆ ಎಂದು ತಿಳಿದು ಇರುವುದಕ್ಕೂ ಬಿಡಲಾರೆ ಎಂದು ಅಂಜಿ ಇರುವುದಕ್ಕೂ ಅಜಗಜಾಂತರವಿದೆ.

ನಮ್ಮಲ್ಲಿ ಹಲವರು ಮುಂದೆ ನಾಲ್ಕಾರು ಕೆಲಸಗಳನ್ನು ಹಿಡಿಯುವವರು, ಬಿಡುವವರು. ಕೆಲವರು ನಾಲ್ಕು ಜನರಿಗೆ ಕೆಲಸ ಕೊಡುವವರೂ ಆಗಬಹುದು. ಬಿಡುವವರು ಲೆಕ್ಕ ಒಪ್ಪಿಸಿ ಬಿಡಲಿ. ಕೊಡುವವರು ತಾರೀಖು ತಪ್ಪದೆ ಕೊಡಲಿ. ಹೀಗಾದರೆ ಉಪ್ಪಿನ ಋಣದ ಮಾತಿಗೂ ಅರ್ಥ ಉಳಿಯುತ್ತದೆ, ದುಡಿಮೆಗೂ ಮಾನ ಉಳಿಯುತ್ತದೆ.